ಕಂಪನಿಯ ಇಎಪಿ: ಸಿಗುವ ಕೆಲವೇ ಸೆಷನ್‌ಗಳನ್ನು ಸರಿಯಾಗಿ ಬಳಸಿಕೊಳ್ಳುವುದು ಹೇಗೆ

ಕೆಲಸಕ್ಕೆ ಸೇರಿದ ದಿನ ಕೊಡುವ ಕಾಗದಗಳಲ್ಲಿ ಆರೋಗ್ಯ ವಿಮೆಯ ವಿವರದ ಜೊತೆಗೇ ಇನ್ನೊಂದು ಪುಟ ಇರುತ್ತದೆ. ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಂ, ಎಲ್ಲರ ಬಾಯಲ್ಲಿ ಇಎಪಿ, ಅಂದರೆ ಕಂಪನಿಯ ಖರ್ಚಿನಲ್ಲಿ ನೌಕರರಿಗೆ ಸಿಗುವ ಆಪ್ತಸಮಾಲೋಚನೆ. ಒಂದು ಟೋಲ್‌ಫ್ರೀ ನಂಬರು, ಒಂದು ಆ್ಯಪ್, ಒಂದು ಕಂಪನಿ ಕೋಡ್. ಬಹಳಷ್ಟು ಜನ ಅದನ್ನು ಅಂದೇ ಮರೆತು, ನಿದ್ದೆ ಪೂರ್ತಿ ಕೆಟ್ಟ ಮೇಲೆ ಅಥವಾ ರಾಜೀನಾಮೆ ಪತ್ರ ಬರೆದಿಟ್ಟ ಮೇಲೆ ಹುಡುಕುತ್ತಾರೆ. ಇಎಪಿ ಇರುವುದೇ ಅಲ್ಪಾವಧಿಯ ನೆರವಿಗೆ. ಭಾನುವಾರ ಸಂಜೆ ಆಗುತ್ತಿದ್ದಂತೆ ಹೊಟ್ಟೆಯಲ್ಲಿ ಸಂಕಟ ಶುರುವಾಗುವುದು, ರಜೆ ಹಾಕಿದರೂ ಆಯಾಸ ಇಳಿಯದಿರುವುದು, ಸಣ್ಣ ಮಾತಿಗೂ ಮನೆಯವರ ಮೇಲೆ ರೇಗುವುದು ಎರಡು ವಾರ ಹಾಗೇ ಮುಂದುವರಿದರೆ ಕರೆ ಮಾಡಿ. ಅದೇ ಸರಿಯಾದ ಹೊತ್ತು.

ವ್ಯವಸ್ಥೆ ಹೀಗಿರುತ್ತದೆ. ಕಂಪನಿ ಹೊರಗಿನ ಒಂದು ಸಂಸ್ಥೆಗೆ ಹಣ ಕೊಡುತ್ತದೆ, ಆ ಸಂಸ್ಥೆಯ ಆಪ್ತಸಮಾಲೋಚಕರು ಫೋನಿನಲ್ಲೋ ವಿಡಿಯೊದಲ್ಲೋ ಎದುರಿಗೋ ಮಾತಾಡುತ್ತಾರೆ. ಸಾಮಾನ್ಯವಾಗಿ ಮೂರರಿಂದ ಎಂಟು ಸೆಷನ್ ಉಚಿತ, ಒಂದೊಂದೂ 45ರಿಂದ 50 ನಿಮಿಷ. ಲೆಕ್ಕ ವರ್ಷಕ್ಕೋ ಅಥವಾ ಒಂದೊಂದು ಸಮಸ್ಯೆಗೋ ಎಂಬುದು ಒಪ್ಪಂದದಿಂದ ಒಪ್ಪಂದಕ್ಕೆ ಬೇರೆಯಾಗುತ್ತದೆ. ಕೇಳಿಯೇ ತಿಳಿದುಕೊಳ್ಳಬೇಕು. ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ ಅನೇಕ ಕಡೆ ಇದೇ ಸೌಲಭ್ಯ ಸಿಗುತ್ತದೆ. ಇಲ್ಲಿ ಸಿಗದಿರುವುದು ಇಷ್ಟು: ಔಷಧಿ, ವರ್ಷಗಟ್ಟಲೆ ನಡೆಯುವ ಥೆರಪಿ, ಮ್ಯಾನೇಜರ್ ಜೊತೆಗಿನ ಜಗಳಕ್ಕೆ ತೀರ್ಪು.

ಮೊದಲು ಒಂದು ವಾರದ ಪಟ್ಟಿ

ಕರೆಗೆ ಮುಂಚೆ ಒಂದು ವಾರ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಒತ್ತಡ ಏರಿದಾಗೆಲ್ಲ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಗಂಟೆ, ಏನಾಯಿತು, ಮೈಯಲ್ಲಿ ಏನಾಯಿತು, ಆಮೇಲೆ ಏನು ಮಾಡಿದಿರಿ. ವಾರ ಕಳೆದ ಮೇಲೆ ಪ್ರತಿ ಸಾಲಿನ ಎದುರು ಕಾರಣದ ಗುರುತು ಹಾಕಿ. ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಬ್ರಿಟನ್ನಿನ ಸರ್ಕಾರಿ ಸಂಸ್ಥೆ ಹೆಲ್ತ್ ಆ್ಯಂಡ್ ಸೇಫ್ಟಿ ಎಕ್ಸಿಕ್ಯುಟಿವ್ ಕೆಲಸದ ಒತ್ತಡದ ಮೂಲಗಳನ್ನು ಆರಾಗಿ ವಿಂಗಡಿಸಿದೆ. ಕೆಲಸದ ಹೊರೆ, ಕೆಲಸದ ಮೇಲೆ ನಮಗಿರುವ ಹಿಡಿತ, ಸಿಗುವ ಬೆಂಬಲ, ಜನರೊಂದಿಗಿನ ಸಂಬಂಧ, ನಮ್ಮ ಪಾತ್ರದ ಸ್ಪಷ್ಟತೆ, ಬದಲಾವಣೆಯನ್ನು ನಿಭಾಯಿಸುವ ರೀತಿ. ಈ ವಿಂಗಡಣೆ ನಮ್ಮ ಆಫೀಸುಗಳಿಗೂ ಚೆನ್ನಾಗಿ ಹೊಂದುತ್ತದೆ.

ಈ ಶ್ರಮ ಯಾಕೆಂದರೆ ಇಎಪಿ ವ್ಯರ್ಥವಾಗುವ ದೊಡ್ಡ ಕಾರಣ ಇಲ್ಲೇ ಇದೆ. ಇಬ್ಬರ ಕೆಲಸವನ್ನು ಒಬ್ಬರು ಮಾಡುತ್ತಿದ್ದರೆ ಯಾವ ಸಮಾಲೋಚಕರೂ ಆ ಹೊರೆ ಇಳಿಸಲಾರರು. ಅದು ಮ್ಯಾನೇಜರ್ ಕೈಯಲ್ಲಿರುವ ವಿಷಯ. ಸಮಾಲೋಚನೆಯಿಂದ ಬದಲಾಗುವುದು ನಾವು ಪ್ರತಿಕ್ರಿಯಿಸುವ ರೀತಿ, ‘ಆಗಲ್ಲ’ ಎಂದು ಹೇಳುವ ಧೈರ್ಯ, ನಿದ್ದೆ, ಗಾಬರಿ. ಪಟ್ಟಿಯ ಬಹುಪಾಲು ಹೊರೆಯ ಕಡೆಗಿದ್ದರೆ ಸೆಷನ್‌ನಲ್ಲಿ ಕೇಳಬೇಕಾದದ್ದು ‘ಮ್ಯಾನೇಜರ್ ಹತ್ತಿರ ಈ ಮಾತು ಹೇಗೆ ತೆಗೆಯಲಿ’ ಎಂದು. ಉಸಿರಾಟದ ಅಭ್ಯಾಸ ಕಲಿತು ಅದೇ ಹೊರೆಗೆ ಮರಳಿದರೆ ಉಪಯೋಗವಿಲ್ಲ.

ಪಟ್ಟಿಯಲ್ಲಿ ಲೈಂಗಿಕ ಕಿರುಕುಳ ಕಂಡುಬಂದರೆ ದಾರಿ ಬೇರೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ನೊಂದ ಮಹಿಳೆ ಘಟನೆ ನಡೆದ ಮೂರು ತಿಂಗಳೊಳಗೆ ಕಂಪನಿಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು. ಸಮಂಜಸ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ಕೊಡಬಹುದು, ಅಷ್ಟೇ. ಸಮಾಲೋಚಕರಿಗೆ ಹೇಳಿಕೊಂಡದ್ದು ದೂರು ಆಗುವುದಿಲ್ಲ, ಗಡುವೂ ನಿಲ್ಲುವುದಿಲ್ಲ. ಇದು ಗೊತ್ತಿಲ್ಲದೆ ಅವಧಿ ದಾಟಿಸಿಕೊಳ್ಳುವ ಅಪಾಯವಿದೆ. ಸಮಾಲೋಚನೆ ಮತ್ತು ದೂರು ಎರಡನ್ನೂ ಒಟ್ಟೊಟ್ಟಿಗೆ ನಡೆಸಿ.

ಜೊತೆಗೆ ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನೂ ತುಂಬಿ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇಎಪಿ ಒಂದನ್ನೇ ನೆಚ್ಚಿಕೊಳ್ಳಬೇಡಿ, ಮನೋವೈದ್ಯರನ್ನೂ ಕಾಣಿ. ಒಂಬತ್ತನೆಯ ಪ್ರಶ್ನೆ ಸಾಯುವ ಆಲೋಚನೆಯದು. ಅದಕ್ಕೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ ಮೊತ್ತ ನೋಡುತ್ತಾ ಕೂರದೆ ಅವತ್ತೇ ಯಾರಿಗಾದರೂ ಹೇಳಬೇಕು.

ಗುಟ್ಟು ಎಲ್ಲಿ ಉಳಿಯುತ್ತದೆ, ಎಲ್ಲಿ ಸೋರುತ್ತದೆ

‘ಎಚ್‌ಆರ್‌ಗೆ ಗೊತ್ತಾದರೆ?’ ಎಂಬ ಭಯ ಸಹಜ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ನೀವಾಗಿಯೇ ಕರೆ ಮಾಡಿದಾಗ ಸಾಮಾನ್ಯವಾಗಿ ಕಂಪನಿಗೆ ಹೋಗುವುದು ಒಟ್ಟು ಲೆಕ್ಕ ಮಾತ್ರ: ಈ ತ್ರೈಮಾಸಿಕದಲ್ಲಿ ಎಷ್ಟು ಜನ ಬಳಸಿದರು, ಕೆಲಸದ ಒತ್ತಡಕ್ಕೆ ಎಷ್ಟು, ಕುಟುಂಬದ ವಿಷಯಕ್ಕೆ ಎಷ್ಟು ಎಂಬ ಸ್ಥೂಲ ಅಂಕಿ. ಆದರೆ ಹನ್ನೆರಡು ಜನರ ಶಾಖೆಯಲ್ಲಿ ‘ಒಬ್ಬರು ಬಳಸಿದ್ದಾರೆ’ ಎಂದರೂ ಗುರುತು ಸಿಕ್ಕಂತೆಯೇ. ಹಾಗಾಗಿ ಹೆಸರು ಹೇಳುವ ಮೊದಲೇ ಮೂರು ಪ್ರಶ್ನೆ ಕೇಳಿ. ನನ್ನ ಎಂಪ್ಲಾಯೀ ಐಡಿ ಬಿಲ್ಲಿನಲ್ಲಿ ಕಂಪನಿಗೆ ಹೋಗುತ್ತದೆಯೇ? ವರದಿಯನ್ನು ಶಾಖೆವಾರು ಕೊಡುತ್ತೀರೋ, ಇಡೀ ಕಂಪನಿಗೆ ಸೇರಿಸಿಯೋ? ಸೆಷನ್‌ನ ಟಿಪ್ಪಣಿ ಎಷ್ಟು ವರ್ಷ, ಯಾರ ಬಳಿ ಇರುತ್ತದೆ? ಒಳ್ಳೆಯ ಸಂಸ್ಥೆ ತಡವರಿಸದೆ ಉತ್ತರಿಸುತ್ತದೆ.

ಮ್ಯಾನೇಜರೋ ಎಚ್‌ಆರೋ ಅಧಿಕೃತವಾಗಿ ಕಳಿಸಿದ್ದರೆ ನಿಯಮ ಬೇರೆಯಾಗಬಹುದು. ಬಂದಿರೋ ಇಲ್ಲವೋ ಎಂಬ ಹಾಜರಿ ಅವರಿಗೆ ತಲುಪುವುದುಂಟು. ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ಹಾಜರಿ ಬಿಟ್ಟು ಬೇರೇನೂ ಬರೆದಿಲ್ಲ ಎಂದು ಓದಿ ನೋಡಿಕೊಳ್ಳಿ. ಜೀವಕ್ಕೆ ಅಪಾಯ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ನ್ಯಾಯಾಲಯದ ಆದೇಶ ಈ ಮೂರು ಸಂದರ್ಭಗಳಲ್ಲಿ ಗೋಪ್ಯತೆ ಮುರಿಯಬೇಕಾಗುತ್ತದೆ. ಇನ್ನು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಶುರುವಾದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ.

ನಿಜಕ್ಕೂ ಗುಟ್ಟು ಸೋರುವುದು ಹೆಚ್ಚಾಗಿ ನಮ್ಮ ಕಡೆಯಿಂದಲೇ. ಆಫೀಸ್ ಲ್ಯಾಪ್‌ಟಾಪ್, ಆಫೀಸ್ ಮೇಲ್ ಐಡಿ, ಎಲ್ಲರಿಗೂ ಕಾಣುವ ಕ್ಯಾಲೆಂಡರ್‌ನಲ್ಲಿ ‘ಕೌನ್ಸೆಲಿಂಗ್’ ಎಂದು ಬರೆದ ಸಮಯ, ಗಾಜಿನ ಮೀಟಿಂಗ್ ರೂಮ್. ಸ್ವಂತ ಫೋನು, ಸ್ವಂತ ಮೇಲ್ ಬಳಸಿ. ಕ್ಯಾಲೆಂಡರ್‌ನಲ್ಲಿ ‘ಬ್ಯುಸಿ’ ಎಂದಷ್ಟೇ ಇರಲಿ.

ಕರೆ ಮಾಡುವಾಗ

ಆಫೀಸ್ ಕ್ಯಾಬ್‌ನಲ್ಲಿ ಕೂತು, ಪ್ಯಾಂಟ್ರಿಯಲ್ಲಿ ನಿಂತು ಮಾಡಬೇಡಿ. ಅರ್ಧ ಗಂಟೆ ಯಾರೂ ಬಾರದ ಜಾಗ ಬೇಕು. ಮೊದಲು ಮಾತಾಡುವವರು ಸಮಯ ಗೊತ್ತುಮಾಡುವ ಸಿಬ್ಬಂದಿ ಇರಬಹುದು. ಅವರ ಬಳಿ ಕಥೆಯೆಲ್ಲ ಹೇಳಿ ದಣಿಯಬೇಡಿ. ಇಷ್ಟು ಸಾಕು: ‘ಕೆಲಸದ ಒತ್ತಡ, ಮೂರು ವಾರದಿಂದ ನಿದ್ದೆ ಸರಿಯಿಲ್ಲ. ಕನ್ನಡದಲ್ಲಿ ಮಾತಾಡುವ ಸಮಾಲೋಚಕರು ಬೇಕು. ಸಂಜೆ ಏಳರ ನಂತರದ ಸಮಯ ಬೇಕು.’ ಭಾಷೆಯ ವಿಷಯದಲ್ಲಿ ಸಂಕೋಚ ಖಂಡಿತ ಬೇಡ. ಅವಮಾನ, ಅಳು, ಅಪ್ಪ ಅಮ್ಮನ ವಿಷಯಗಳನ್ನು ಮೀಟಿಂಗಿನ ಇಂಗ್ಲಿಷಿನಲ್ಲಿ ಹೇಳಹೊರಟರೆ ಅರ್ಧ ಒಳಗೇ ಉಳಿಯುತ್ತದೆ. ಕನ್ನಡದವರು ಸಿಗಲು ಎರಡು ಮೂರು ದಿನ ಹೆಚ್ಚು ಹಿಡಿದರೂ ಕಾಯಬಹುದು, ತುರ್ತು ಇಲ್ಲದಿದ್ದರೆ.

ಸಮಾಲೋಚಕರ ವಿದ್ಯಾರ್ಹತೆ ಕೇಳುವುದು ಉದ್ಧಟತನವಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಸೈಕಾಲಜಿಯಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡಿದ ಅನುಭವಿ ಸಮಾಲೋಚಕರು ಕೆಲಸದ ಒತ್ತಡದ ಸಮಸ್ಯೆಗೆ ಸಾಕು.

ಸೆಷನ್‌ಗಳ ಹಂಚಿಕೆ

ಆರು ಸೆಷನ್ ಇದ್ದರೆ ಮೊದಲನೆಯದರಲ್ಲೇ ವಾರದ ಪಟ್ಟಿ ಮುಂದಿಟ್ಟು ಒಂದು ಗುರಿ ಹೇಳಿ. ‘ಖುಷಿಯಾಗಿರಬೇಕು’ ಎಂಬುದನ್ನು ಅಳೆಯಲಾಗದು, ‘ರಾತ್ರಿ ಹತ್ತರ ನಂತರ ಮೇಲ್ ನೋಡದೆ ಇರಬೇಕು’ ಎಂಬುದನ್ನು ಅಳೆಯಬಹುದು. ಮುಂದಿನ ನಾಲ್ಕನ್ನು ವಾರಕ್ಕೊಂದರಂತೆ ಇಟ್ಟುಕೊಂಡು, ಪ್ರತಿ ಸಲ ಮನೆಯಲ್ಲಿ ಮಾಡಲು ಒಂದು ಅಭ್ಯಾಸ ಕೇಳಿ ಪಡೆಯಿರಿ. ಆರನೆಯದನ್ನು ಮೂರು ನಾಲ್ಕು ವಾರ ಬಿಟ್ಟು ಇಡಿ. ಹಳೆಯ ಚಾಳಿ ಮರಳುವುದು ಆ ಅಂತರದಲ್ಲೇ. ದೂರುಗಳನ್ನು ಹೇಳುವುದರಲ್ಲೇ ಮೂರು ಸೆಷನ್ ಕಳೆದುಹೋಗುವುದು ತೀರಾ ಸಾಮಾನ್ಯ. ಹೇಳಿಕೊಂಡರೆ ಹಗುರಾಗುತ್ತದೆ ನಿಜ, ಆದರೆ ಸೋಮವಾರ ಮತ್ತೆ ಅದೇ ಮೇಜು. ಎರಡನೆಯ ಸೆಷನ್ ಮುಗಿದ ಮೇಲೂ ಹೊಂದಿಕೆಯಾಗಲಿಲ್ಲ ಅನಿಸಿದರೆ ಬೇರೆಯವರನ್ನು ಕೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಿಂದಿನ ದಿನವೇ ತಿಳಿಸದೆ ತಪ್ಪಿಸಿಕೊಂಡರೆ ಆ ಸೆಷನ್ ಮುಗಿದ ಲೆಕ್ಕಕ್ಕೆ ಹೋಗಬಹುದು.

ನಡುವಿನ ದಿನಗಳಿಗೆ ಒಂದು ಸರಳ ಅಭ್ಯಾಸ: ನಾಲ್ಕು ಎಣಿಸುತ್ತಾ ಉಸಿರು ಎಳೆದು, ಆರು ಎಣಿಸುತ್ತಾ ಬಿಡಿ. ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಐದು ನಿಮಿಷ ಸಾಕು. ತಲೆ ಸುತ್ತಿದರೆ ತುಂಬ ಆಳವಾಗಿ ಎಳೆಯುತ್ತಿದ್ದೀರಿ ಎಂದರ್ಥ, ಮೆಲ್ಲಗೆ ಮಾಡಿ. ನೈಟ್ ಶಿಫ್ಟಿನವರು ಮಲಗುವ ಆರು ಗಂಟೆ ಮುಂಚೆಯೇ ಕಾಫಿ, ಟೀ ನಿಲ್ಲಿಸಬೇಕು. ವಾರದ ರಜೆಯಲ್ಲೂ ನಿದ್ದೆಯ ಕೆಲವು ಗಂಟೆಗಳಾದರೂ ಅದೇ ಸಮಯಕ್ಕೆ ಬೀಳುವಂತೆ ನೋಡಿಕೊಳ್ಳಬೇಕು.

ಮ್ಯಾನೇಜರ್ ಜೊತೆ ಮಾತಾಡುವಾಗ ಮನಸ್ಸಿನ ಸ್ಥಿತಿ ವಿವರಿಸಲೇಬೇಕೆಂದಿಲ್ಲ. ಕೆಲಸದ ಭಾಷೆಯಲ್ಲೇ ಹೇಳಿ: ‘ಸರ್, ಈಗ ಕೈಯಲ್ಲಿ ನಾಲ್ಕು ಕೆಲಸ ಇವೆ, ಈ ವಾರ ಎರಡು ಮುಗಿಯುತ್ತವೆ. ಯಾವ ಎರಡು ಮೊದಲು ಬೇಕು ನೀವೇ ಹೇಳಿ.’ ಅವರು ಹೇಳಿದ್ದನ್ನು ಅಂದೇ ಎರಡು ಸಾಲಿನ ಮೇಲ್‌ನಲ್ಲಿ ದಾಖಲಿಸಿ. ಅಪ್ರೈಸಲ್ ಹೊತ್ತಿಗೆ ಬೇಕಾಗುತ್ತದೆ.

ಇಎಪಿ ಇಲ್ಲದ ಕಡೆ

ಗಾರ್ಮೆಂಟ್ಸ್, ಸಣ್ಣ ಕಾರ್ಖಾನೆ, ಅಂಗಡಿಗಳಲ್ಲಿ ದುಡಿಯುವ ಬಹುತೇಕರಿಗೆ ಈ ಸೌಲಭ್ಯವೇ ಇಲ್ಲ. ಅವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಇದರ ನಂಬರು 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ನೇರವಾಗಿ ತೋರಿಸಿಕೊಳ್ಳಲು ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್, ಇಲ್ಲವೇ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ ಇದೆ. ವಿಮೆ ಇರುವವರು ಪಾಲಿಸಿಯನ್ನೊಮ್ಮೆ ಬಿಡಿಸಿ ನೋಡಿ. 2017ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ರಕ್ಷಣೆ ಕೊಡಬೇಕು. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ, ಹೊರರೋಗಿ ಸಮಾಲೋಚನೆಯ ಖರ್ಚಿಗೆ ಓಪಿಡಿ ಸೌಲಭ್ಯ ಬೇರೆಯೇ ಇರಬೇಕು. ಜೀವ ಕಳೆದುಕೊಳ್ಳುವ ಯೋಚನೆ ಬಂದಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯದೆ, ಒಬ್ಬರೇ ಇರದೆ, ಜೊತೆಗೊಬ್ಬರನ್ನು ಕರೆದುಕೊಂಡು ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನಿಮ್ಹಾನ್ಸ್‌ನ ತುರ್ತು ವಿಭಾಗ ದಿನದ 24 ಗಂಟೆಯೂ ತೆರೆದಿರುತ್ತದೆ.