ಐ7 ಎಂಬ ಹೆಸರಿಗೆ ಮರುಳಾಗಬೇಡಿ: ಕಡಿಮೆ ಖರ್ಚಿನ ಗೇಮಿಂಗ್ ಪಿಸಿಗೆ ಪ್ರೊಸೆಸರ್ ಆರಿಸುವುದು ಹೇಗೆ?

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿ ಹೊಕ್ಕರೆ ಎದುರಾಗುವ ಪ್ರಶ್ನೆ, ‘ಐ5 ಬೇಕಾ ಸಾರ್, ಐ7 ಬೇಕಾ?’ ಇವು ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳ, ಅಂದರೆ ಕಂಪ್ಯೂಟರಿನ ಮಿದುಳಾದ ಚಿಪ್‌ಗಳ, ದರ್ಜೆಗಳು. ಉತ್ತರ ಕೊಡಲು ಅವಸರ ಬೇಡ. ಆಡುವುದು ಯಾವ ಆಟ, ಯಾವ ಮಾನಿಟರ್‌ನಲ್ಲಿ ಎಂಬುದು ಮೊದಲು ಇತ್ಯರ್ಥವಾಗಲಿ.

1. ಲೆಕ್ಕ ಮಾನಿಟರ್‌ನಿಂದ ಶುರುವಾಗಲಿ. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುತ್ತದೆ. ಪ್ರೊಸೆಸರ್ ಸೆಕೆಂಡಿಗೆ 200 ಫ್ರೇಮ್ (ಚಿತ್ರ) ಅಣಿಮಾಡಿ ಕೊಟ್ಟರೂ ಹೆಚ್ಚಿನವು ವ್ಯರ್ಥ. 144 ಹರ್ಟ್ಸ್ ಪರದೆಯಲ್ಲಿ ವ್ಯಾಲರಂಟ್, ಕೌಂಟರ್ ಸ್ಟ್ರೈಕ್‌ನಂಥ ವೇಗದ ಶೂಟಿಂಗ್ ಆಟ ಆಡುವವರಿಗೆ ಪ್ರೊಸೆಸರ್ ಮುಖ್ಯ. ಅದ್ದೂರಿ ದೃಶ್ಯಗಳ ಕಥೆಯಾಟಗಳಲ್ಲಿ ಹೆಚ್ಚಿನ ಭಾರ ಹೊರುವುದು ಚಿತ್ರ ಮೂಡಿಸುವ ಪ್ರತ್ಯೇಕ ಭಾಗವಾದ ಗ್ರಾಫಿಕ್ಸ್ ಕಾರ್ಡ್. ದುಡ್ಡು ಅಲ್ಲಿಗೇ ಹೋಗಲಿ.

2. ಕಾರ್ಡ್ ಈಗಲೋ, ಆಮೇಲೋ? ಇಂಟೆಲ್ ಮಾದರಿಯ ಕೊನೆಗೆ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡ್ ಕೊಳ್ಳದೆ ಅದನ್ನು ಜೋಡಿಸಿದರೆ ಪರದೆ ಕಪ್ಪಾಗಿಯೇ ಕೂರುತ್ತದೆ. ಕಾರ್ಡಿಗೆ ಸದ್ಯ ಹಣವಿಲ್ಲದವರಿಗೆ ಎಎಂಡಿ ಕಂಪನಿಯ, ಒಳಗೇ ಗ್ರಾಫಿಕ್ಸ್ ಇರುವ ರೈಜೆನ್ 5 5600ಜಿ ಇದೆ. ಸಣ್ಣಪುಟ್ಟ ಆಟಗಳಿಗೆ ಸಾಕು. ಆದರೆ ಅದರ ಎಲ್3 ಕ್ಯಾಶೆ 16 ಎಂಬಿ, ‘ಜಿ’ ಇಲ್ಲದ 5600ರದ್ದು 32. ಕ್ಯಾಶೆ ಎಂದರೆ ಒಲೆ ಪಕ್ಕದ ಸಾಂಬಾರ ಡಬ್ಬಿ, ರ‍್ಯಾಮ್ ಎಂದರೆ ಉಗ್ರಾಣ. ಡಬ್ಬಿ ಚಿಕ್ಕದಾದಷ್ಟೂ ಉಗ್ರಾಣಕ್ಕೆ ಓಡಾಟ ಜಾಸ್ತಿ. ಮುಂದೆ ಒಳ್ಳೆಯ ಕಾರ್ಡ್ ಹಾಕಿದಾಗ ಈ ವ್ಯತ್ಯಾಸ ಆಟದಲ್ಲಿ ಕಾಣುತ್ತದೆ.

3. ಮಾದರಿ. ಕೋರ್ ಎಂದರೆ ಪ್ರೊಸೆಸರ್ ಒಳಗಿನ ಅಡುಗೆಯಾಳು, ಥ್ರೆಡ್ ಎಂದರೆ ಆಳುಗಳು ಒಟ್ಟಿಗೆ ನಿಭಾಯಿಸುವ ಕೆಲಸ. ಕೈ ತೀರಾ ಬಿಗಿಯಿದ್ದರೆ 4 ಕೋರ್, 8 ಥ್ರೆಡ್‌ಗಳ ಐ3-12100ಎಫ್. ಸ್ವಲ್ಪ ಎಟುಕುವುದಾದರೆ 6 ಕೋರ್, 12 ಥ್ರೆಡ್‌ಗಳ ಐ5-12400ಎಫ್ ಅಥವಾ ರೈಜೆನ್ 5 5600. ನನ್ನ ಓಟು ಕೊನೆಯದಕ್ಕೆ. 2022ರದ್ದು, ಹಳತಾಯಿತು ಎಂದು ಮೂಗು ಮುರಿಯುವವರಿದ್ದಾರೆ. 1080ಪಿ (ಫುಲ್ ಎಚ್‌ಡಿ) ಪರದೆಯ ಆಟಕ್ಕೆ ಅದರಲ್ಲಿ ಇನ್ನೂ ಕಸುವಿದೆ.

4. ಮೂರರ ಮೊತ್ತ ನೋಡಿ. ಪ್ರೊಸೆಸರ್ ಅಗ್ಗವಾಗಿ ಸಿಕ್ಕು, ಮದರ್‌ಬೋರ್ಡ್ ಮತ್ತು ರ‍್ಯಾಮ್ ಜೇಬು ಖಾಲಿ ಮಾಡುವುದುಂಟು. ಮೇಲಿನ ರೈಜೆನ್‌ಗಳು ಕೂರುವ ಎಎಂ4 ಬೋರ್ಡಿಗೆ ಡಿಡಿಆರ್4 ಬಗೆಯ ರ‍್ಯಾಮ್, ಅದರ ನಂತರದ ಎಎಂ5 ಬೋರ್ಡಿಗೆ ಡಿಡಿಆರ್5 ಮಾತ್ರ. ಇಂಟೆಲ್‌ನ 12ನೇ ತಲೆಮಾರಿನಲ್ಲಿ (ಮೇಲಿನ ಐ3, ಐ5 ಇದರವು) ಎರಡೂ ಬಗೆಯ ಬೋರ್ಡ್‌ಗಳಿವೆ. ಮೂರನ್ನೂ ಸೇರಿಸಿಯೇ ದರ ಕೇಳಿ. ಬಿ450 ಎಂಬ ಹಳೆಯ ಎಎಂ4 ಬೋರ್ಡಿನಲ್ಲಿ 5600 ಕೂರಿಸುವುದಾದರೆ ಬಯೋಸ್ (ಪಿಸಿ ಆನ್ ಆದೊಡನೆ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಅಪ್‌ಡೇಟ್ ಆಗಿದೆಯೇ ಎಂದು ಅಂಗಡಿಯಲ್ಲೇ ಖಚಿತಪಡಿಸಿಕೊಳ್ಳಿ. ಮನೆಗೆ ಬಂದು ಆನ್ ಆಗದಿದ್ದಾಗ ಪಡುವ ಪಾಡು ಬೇಡ.

5. ಹಳೆಯ ಐ7 ಬಲೆ. ‘ಐ7, 16 ಜಿಬಿ, ಗೇಮಿಂಗ್ ಪಿಸಿ’ ಎಂದು ಅಗ್ಗದ ದರಕ್ಕೆ ಬರುವ ಸೆಕೆಂಡ್‌ಹ್ಯಾಂಡ್ ಡಬ್ಬದೊಳಗೆ ಎಷ್ಟೋ ಸಲ 2011ರ ಐ7-2600 ಇರುತ್ತದೆ. ಮೇಲೆ ಹೇಳಿದ ಐ3 ಅದನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಇಂಟೆಲ್‌ನಲ್ಲಿ 8ನೇ ತಲೆಮಾರಿಗಿಂತ ಹಳೆಯವು ಬಹುತೇಕ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೂ ಇಲ್ಲ. ಆ ವಿಂಡೋಸ್‌ನಲ್ಲಿ ವ್ಯಾಲರಂಟ್‌ಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇರೆ ಬೇಕು.

6. ಬಿಲ್. ಡಬ್ಬವಿಲ್ಲದ ‘ಟ್ರೇ’ ಪ್ರೊಸೆಸರ್ ಕೊಡುತ್ತೇವೆಂದರೆ ಅದರ ಜೊತೆ ಬಾರದ, ಪ್ರೊಸೆಸರ್ ತಂಪಾಗಿಡುವ ಫ್ಯಾನ್ ಖರ್ಚು ಸೇರಿಸಿ ಲೆಕ್ಕ ಹಾಕಿ, ವಾರಂಟಿ ಕಂಪನಿಯದೋ ಅಂಗಡಿಯದೋ ಕೇಳಿ. ಬಿಲ್ಲಿನಲ್ಲಿ ಬರೀ ‘ಐ5’ ಎಂದಿದ್ದರೆ ವಾಪಸ್ ಕೊಟ್ಟು, ಕೊನೆಯ ಅಕ್ಷರದವರೆಗೆ ಪೂರ್ತಿ ಮಾದರಿ ಬರೆಸಿಕೊಳ್ಳಿ.