ಗೂಢಚಾರಿ ಚಿತ್ರದ ಹೊಸ ಡಿಸ್ಕ್ ಕೊಳ್ಳುವ ಮುನ್ನ

ಹಳೆಯ ಗೂಢಚಾರಿ ಚಿತ್ರವೊಂದು ಬ್ಲೂ-ರೇ ಅಥವಾ 4ಕೆ ಡಿಸ್ಕ್ ರೂಪದಲ್ಲಿ ಮತ್ತೆ ಬಿಡುಗಡೆಯಾದಾಗ, ಹೊಸದಾಗಿರುವುದು ಹೊದಿಕೆ ಮಾತ್ರವೋ ಅಥವಾ ಒಳಗಿನ ಚಿತ್ರವೂ ಹೊಸದಾಗಿ ಸಿದ್ಧಗೊಂಡಿದೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಚಿತ್ರೀಕರಣದ ವೇಳೆ ಕ್ಯಾಮೆರಾದಲ್ಲೇ ಓಡಿದ ಫಿಲ್ಮು, ಅಂದರೆ ಮೂಲ ಕ್ಯಾಮೆರಾ ನೆಗೆಟಿವ್‌ನಿಂದ ಹೊಸ ಸ್ಕ್ಯಾನ್ ಮಾಡಲಾಗಿದೆ ಎಂದು ವಿವರಗಳಲ್ಲಿ ಸ್ಪಷ್ಟವಾಗಿ ನಮೂದಿಸಿದ್ದರೆ ಅದನ್ನು ಗಂಭೀರವಾಗಿ ಪರಿಗಣಿಸಬಹುದು. 'ಡಿಜಿಟಲ್ ಆಗಿ ಸಂಸ್ಕರಿಸಲಾಗಿದೆ' ಎಂದಷ್ಟೇ ಇದ್ದರೆ ಏನನ್ನೂ ಹೇಳಿದಂತಾಗಲಿಲ್ಲ.

4ಕೆ ಡಿಸ್ಕಿನ 3840×2160 ಚಿತ್ರಬಿಂದುಗಳು ಬ್ಲೂ-ರೇಯ 1920×1080ಕ್ಕಿಂತ ನಾಲ್ಕು ಪಟ್ಟು ಹೆಚ್ಚು ಎಂಬುದು ನಿಜ. ಆದರೆ 2000ದ ದಶಕದ ಅನೇಕ ಚಿತ್ರಗಳ ಅಂತಿಮ ಪ್ರತಿಯೇ 2ಕೆ (ಅಡ್ಡಲಾಗಿ ಸುಮಾರು 2000 ಚಿತ್ರಬಿಂದುಗಳ) ಮಟ್ಟದಲ್ಲಿ ಸಿದ್ಧವಾಗಿರುವುದರಿಂದ, ಅಂಥವುಗಳ 4ಕೆ ಆವೃತ್ತಿಯಲ್ಲಿ ಹಿಗ್ಗಿಸಿದ ಚಿತ್ರವೇ ಇರುವ ಸಾಧ್ಯತೆ ಹೆಚ್ಚು. ವಿಚಿತ್ರವೆನಿಸಿದರೂ, ಫಿಲ್ಮಿನ ಮೇಲೆ ಚಿತ್ರೀಕರಿಸಿ ಫಿಲ್ಮಿನಲ್ಲೇ ಮುಗಿಸಿದ ಹಳೆಯ ಚಿತ್ರಗಳಿಗೆ 4ಕೆಯಿಂದ ಹೆಚ್ಚಿನ ಲಾಭವಾಗುತ್ತದೆ. 1959ರ 'ನಾರ್ತ್ ಬೈ ನಾರ್ತ್‌ವೆಸ್ಟ್' ಚಿತ್ರೀಕರಣಕ್ಕೆ ಬಳಸಿದ ವಿಸ್ಟಾವಿಷನ್ ಪದ್ಧತಿಯಲ್ಲಿ ಫಿಲ್ಮು ಕ್ಯಾಮೆರಾದೊಳಗೆ ಅಡ್ಡಲಾಗಿ ಓಡುತ್ತಿದ್ದುದರಿಂದ, ಪ್ರತಿಯೊಂದು ಚೌಕಟ್ಟಿಗೂ ಸಾಮಾನ್ಯ 35 ಮಿ.ಮೀ. ಚಿತ್ರಗಳಿಗಿಂತ ದೊಡ್ಡ ನೆಗೆಟಿವ್ ದೊರೆಯುತ್ತಿತ್ತು.

ಈ ಪ್ರಕಾರದ ಚಿತ್ರಗಳಲ್ಲಿ ಡಿಸ್ಕಿನ ಗುಣಮಟ್ಟವನ್ನು ನಿಜವಾಗಿ ಪರೀಕ್ಷಿಸುವುದು ಕತ್ತಲೆಯ ದೃಶ್ಯಗಳೇ. ರಾತ್ರಿಯ ಬೀದಿ, ಮಬ್ಬು ಬೆಳಕಿನ ಕಚೇರಿ, ಬಾಗಿಲ ಮರೆಯಲ್ಲಿ ನಿಂತ ವ್ಯಕ್ತಿ: ಇವೆಲ್ಲವೂ ಕಪ್ಪಿನೊಳಗೆ ಕರಗಿಹೋದರೆ ಕಥೆಯ ಸುಳಿವೇ ತಪ್ಪುತ್ತದೆ. ಎಚ್‌ಡಿಆರ್ (ಬೆಳಕು-ಕತ್ತಲೆಗಳ ಹೆಚ್ಚಿನ ವ್ಯಾಪ್ತಿಯನ್ನು ತೋರಿಸುವ ತಂತ್ರ) ಇರುವ 4ಕೆ ಡಿಸ್ಕಿನಲ್ಲಿ ನೆರಳಿನ ಸೂಕ್ಷ್ಮ ಛಾಯೆಗಳು ಉಳಿಯಬೇಕು. ಚಿತ್ರಪೂರ್ತಿ ಕಾಣುವ ಸಣ್ಣ ಕಣಗಳು ದೋಷವಲ್ಲ, ಅವು ಫಿಲ್ಮಿನ ಸಹಜ ಗುಣ. ಅವುಗಳನ್ನು ತಂತ್ರಾಂಶದಿಂದ ಅತಿಯಾಗಿ ಅಳಿಸಿದಾಗ ಮುಖಗಳು ಮೇಣದಂತೆ ನುಣುಪಾಗಿ ಕಾಣುತ್ತವೆ. ಅಂಥ ಆವೃತ್ತಿಗಿಂತ ಹಳೆಯ ಬ್ಲೂ-ರೇಯನ್ನೇ ಉಳಿಸಿಕೊಳ್ಳುವುದು ಮೇಲು. ಆದ್ದರಿಂದ ಕೊಳ್ಳುವ ಮುನ್ನ, ಎರಡೂ ಆವೃತ್ತಿಗಳ ಒಂದೇ ದೃಶ್ಯದ ಸ್ಥಿರಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವ ವಿಮರ್ಶೆಗಳನ್ನು ಹುಡುಕಿ ನೋಡಿರಿ.

ಧ್ವನಿಯ ವಿಷಯದಲ್ಲಿ, ಮೂಲ ಮೊನೊ (ಒಂದೇ ವಾಹಿನಿಯ) ಧ್ವನಿಪಥವನ್ನೂ ಉಳಿಸಿಕೊಂಡಿರುವ ಆವೃತ್ತಿಗೆ ಆದ್ಯತೆ ನೀಡಬೇಕು, ಏಕೆಂದರೆ ಸುತ್ತಲಿನಿಂದ ಕೇಳಿಬರುವ ಸರೌಂಡ್ ಧ್ವನಿಗಾಗಿ ಮರುಮಿಶ್ರಣ ಮಾಡುವಾಗ ಗುಂಡಿನ ಸದ್ದಿನಂಥ ಪರಿಣಾಮಗಳನ್ನು ಬದಲಾಯಿಸಿರುವುದುಂಟು. ಗೂಢಚಾರಿ ಚಿತ್ರಗಳಲ್ಲಿ ಪಾತ್ರಗಳು ಗಡಿ ದಾಟಿದ ಕೂಡಲೇ ಭಾಷೆಯೂ ಬದಲಾಗುವುದರಿಂದ, ಅಂಥ ಸಂಭಾಷಣೆಗೆ ಚಿತ್ರಮಂದಿರದ ಪ್ರತಿಯಲ್ಲಿದ್ದ ಸಬ್‌ಟೈಟಲ್ ಡಿಸ್ಕಿನಲ್ಲಿಯೂ ತಾನಾಗಿ ಮೂಡುತ್ತದೆಯೇ ಎಂಬುದನ್ನು ವಿಚಾರಿಸಿಕೊಳ್ಳಿರಿ.

ಬ್ಲೂ-ರೇ ಡಿಸ್ಕುಗಳಿಗೆ ಎ, ಬಿ, ಸಿ ಎಂಬ ಪ್ರದೇಶ ಸಂಕೇತಗಳಿರಬಹುದು; ಅಂಥ ಡಿಸ್ಕ್ ಆಯಾ ಪ್ರದೇಶದ ಪ್ಲೇಯರಿನಲ್ಲಿ ಮಾತ್ರ ಓಡುತ್ತದೆ. 4ಕೆ ಡಿಸ್ಕಿಗೆ ಆ ನಿರ್ಬಂಧವಿಲ್ಲದಿದ್ದರೂ, ಅದೇ ಪೆಟ್ಟಿಗೆಯಲ್ಲಿ ಬರುವ ಬ್ಲೂ-ರೇ ನಿಮ್ಮ ಪ್ಲೇಯರಿನಲ್ಲಿ ಓಡದೆ ಹೋಗಬಹುದು; ಹೆಚ್ಚುವರಿ ಸಂದರ್ಶನಗಳು ಬಹಳ ಸಲ ಅದರಲ್ಲೇ ಇರುತ್ತವೆ.

ಡಿಸ್ಕ್ ಕೈಸೇರಿದ ಮೇಲೆ, ಟಿವಿಯಲ್ಲಿ ಚಲನೆಯನ್ನು ನುಣುಪುಗೊಳಿಸುವ ಸೌಲಭ್ಯವನ್ನು ನಿಲ್ಲಿಸಿ, ಪ್ಲೇಯರನ್ನು ಸೆಕೆಂಡಿಗೆ 24 ಚೌಕಟ್ಟುಗಳ ವೇಗಕ್ಕೆ ಹೊಂದಿಸಿ, ಕೋಣೆಯ ದೀಪ ತಗ್ಗಿಸಿ ಒಂದು ರಾತ್ರಿಯ ದೃಶ್ಯವನ್ನು ನೋಡಿರಿ. ಚಿತ್ರ ತಡವರಿಸಿದರೆ ಅಥವಾ ಚೌಕಚೌಕವಾಗಿ ಒಡೆದರೆ, ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ಬದಲಿ ಡಿಸ್ಕ್ ಕೇಳಿರಿ.