ಮನೆ ನೋಡುವ ಮೊದಲು ದಾರಿ ನೋಡಿ

ಬಾಡಿಗೆ ಮನೆ ನೋಡಲು ಹೋಗುವವರ ಜೊತೆ ನಾನು ಬಹಳ ಸಲ ಹೋಗಿದ್ದೇನೆ. ಎಲ್ಲರೂ ಮಾಡುವುದು ಒಂದೇ. ನಲ್ಲಿ ತಿರುಗಿಸುತ್ತಾರೆ, ಕಪಾಟಿನ ಬಾಗಿಲು ತೆಗೆದು ಮುಚ್ಚುತ್ತಾರೆ, ಬಾಲ್ಕನಿಯಲ್ಲಿ ನಿಂತು ‘ಗಾಳಿ ಚೆನ್ನಾಗಿದೆ’ ಎನ್ನುತ್ತಾರೆ. ಬಂದದ್ದು ಕಾರಿನಲ್ಲಿ, ಹೋಗುವುದೂ ಕಾರಿನಲ್ಲಿ. ‘ಎಲ್ಲಾ ಕೂಗಳತೆಯಲ್ಲೇ ಇದೆ ಸಾರ್’ ಎಂದು ಬ್ರೋಕರ್ ಅಂದರೆ ತಲೆಯಾಡಿಸಿ ಮುಂಗಡ ಕೊಟ್ಟು ಬರುತ್ತಾರೆ. ಮೂರನೇ ತಿಂಗಳಿಗೆ ಒಂದು ತಲೆನೋವಿನ ಮಾತ್ರೆ ತರಲೂ ಗಾಡಿಯ ಕೀಲಿ ಹುಡುಕುವ ಹಾಗಾಗಿರುತ್ತದೆ.

ನನ್ನ ಗೆಳೆಯನೊಬ್ಬ ಹೀಗೇ ಸಿಕ್ಕಿಬಿದ್ದ. ಮನೆಯ ಎದುರಿಗೇ ದಿನಸಿ ಅಂಗಡಿ, ಪಕ್ಕದಲ್ಲಿ ಔಷಧಿ ಅಂಗಡಿ, ಅದರ ಮುಂದೆ ಬಸ್ ನಿಲ್ದಾಣ. ನಡುವೆ ಆರು ಪಥದ ರಸ್ತೆ, ರಸ್ತೆಯ ಮಧ್ಯದಲ್ಲಿ ಕಬ್ಬಿಣದ ಬೇಲಿ. ದಾಟುವ ಮೇಲ್ಸೇತುವೆ ಇರುವುದು 400 ಮೀಟರ್ ಆಚೆ. ಕಿಟಕಿಯಲ್ಲಿ ನಿಂತು ಅಂಗಡಿಯ ಬೋರ್ಡ್ ಓದಬಹುದು. ಹೋಗಿ ಬರಲು 25 ನಿಮಿಷ. ಬಾಡಿಗೆ ಮಾತ್ರ ‘ಎಲ್ಲ ಹತ್ತಿರವಿರುವ’ ಮನೆಯದ್ದು. ದಿನದ ಕೆಲಸಗಳಿಗೆ ನಿಜವಾಗಿ ನಡೆದೇ ಹೋಗಬಹುದಾದ ಬಾಡಿಗೆ ಮನೆ ಹುಡುಕುವವರಿಗೆ ಈ ಹೆಜ್ಜೆಗಳು.

ಹೆಜ್ಜೆ 1: ಬಾಡಿಗೆಯ ಜೊತೆ ಓಡಾಟವನ್ನೂ ಕೂಡಿಸಿ

ಬಾಡಿಗೆ ಆದಾಯದ 30% ಮೀರಬಾರದು ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ಅಧಿಕೃತ ಮುದ್ರೆ ಬಿದ್ದದ್ದು ಅಮೆರಿಕದ ಸರ್ಕಾರಿ ವಸತಿ ನಿಯಮದಲ್ಲಿ. 1969ರಲ್ಲಿ 25% ಇದ್ದ ಮಿತಿಯನ್ನು 1981ರಲ್ಲಿ 30%ಗೆ ಏರಿಸಿದರು. ಅದರಲ್ಲಿ ಓಡಾಟದ ಖರ್ಚಿನ ಸುದ್ದಿಯೇ ಇಲ್ಲ. ಶಿಕಾಗೊದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಸಂಸ್ಥೆಯ ಲೆಕ್ಕ ನನಗೆ ಹೆಚ್ಚು ಸರಿ ಎನಿಸುತ್ತದೆ: ಮನೆಯ ಖರ್ಚು, ಸಾರಿಗೆಯ ಖರ್ಚು ಎರಡೂ ಸೇರಿ 45% ಒಳಗಿರಬೇಕು.

ಒಂದು ಹಾಳೆ ತೆಗೆದುಕೊಂಡು ಗಾಡಿಯ ಸಾಲದ ಕಂತು, ವಿಮೆ, ಇಂಧನ, ಸರ್ವಿಸು, ಪಾರ್ಕಿಂಗ್ ಎಲ್ಲದರ ವರ್ಷದ ಖರ್ಚು ಬರೆದು ಹನ್ನೆರಡರಿಂದ ಭಾಗಿಸಿ ತಿಂಗಳ ಲೆಕ್ಕ ಮಾಡಿ. ಊರಾಚೆಯ ಅಗ್ಗದ ಮನೆ ಆಗ ಅಷ್ಟೇನೂ ಅಗ್ಗ ಕಾಣುವುದಿಲ್ಲ. ಹೊತ್ತನ್ನೂ ಬರೆಯಿರಿ. ಹೋಗಲು 40 ನಿಮಿಷ, ಬರಲು 40 ನಿಮಿಷ, ತಿಂಗಳಿಗೆ 22 ದಿನ ಎಂದರೆ 29 ಗಂಟೆ. ಒಂದು ಇಡೀ ದಿನ ದಾಟಿ ಮೇಲೆ ಐದು ಗಂಟೆ ಸೀಟಿನ ಮೇಲೆ ಕಳೆದಿರುತ್ತೀರಿ.

ಇಲ್ಲೊಂದು ಎಚ್ಚರಿಕೆ. ಓಡಾಟದಲ್ಲಿ ಉಳಿಯುತ್ತದೆಂದು ಹತ್ತಿರದ ಮನೆಗೆ ಹೆಚ್ಚು ಬಾಡಿಗೆ ಕೊಡುವ ಲೆಕ್ಕ ನಿಲ್ಲುವುದು ಗಾಡಿ ಮಾರಿದರೆ ಮಾತ್ರ, ಅಥವಾ ಎರಡಿದ್ದುದು ಒಂದಾದರೆ. ಇಲ್ಲವಾದರೆ ಹೆಚ್ಚಿನ ಬಾಡಿಗೆಯನ್ನೂ ಕಟ್ಟುತ್ತೀರಿ, ಕೆಳಗೆ ಧೂಳು ತಿನ್ನುತ್ತ ನಿಂತ ಗಾಡಿಗೂ ಕಟ್ಟುತ್ತೀರಿ.

ಹೆಜ್ಜೆ 2: ಕಳೆದ ತಿಂಗಳು ಎಲ್ಲಿಗೆ ಹೋದಿರಿ?

ಗ್ರಂಥಾಲಯ, ಈಜುಕೊಳ, ಯೋಗ ಕೇಂದ್ರ ಎಂದು ಆಸೆಯ ಪಟ್ಟಿ ಮಾಡಬೇಡಿ. ಫೋನಿನಲ್ಲಿರುವ ಹಣ ಪಾವತಿಯ ಸಂದೇಶಗಳನ್ನು ತೆರೆದು, ನಿಜವಾಗಿ ಕಾಲಿಟ್ಟ ಜಾಗಗಳನ್ನು ಬರೆಯಿರಿ. ಇಪ್ಪತ್ತು ಸಲ ಹೋದ ಜಾಗ ಹತ್ತಿರ ಬೇಕು. ಮೂರು ತಿಂಗಳಿಗೊಮ್ಮೆ ಹೋಗುವ ಹಲ್ಲಿನ ವೈದ್ಯರು ಊರಿನ ಆ ತುದಿಯಲ್ಲಿದ್ದರೂ ನಡೆಯುತ್ತದೆ.

ಹೆಜ್ಜೆ 3: ನಕ್ಷೆಯಲ್ಲಿ ವೃತ್ತ ಎಳೆದು, ಅದನ್ನು ನಂಬದಿರಿ

ಸಾಮಾನ್ಯ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 80 ಮೀಟರ್ ಸಾಗುತ್ತೇವೆ. 400 ಮೀಟರ್‌ಗೆ ಐದು ನಿಮಿಷ, 800 ಮೀಟರ್‌ಗೆ ಹತ್ತು. ನಗರ ಯೋಜಕರು ಹಿಂದಿನಿಂದಲೂ ಹಿಡಿದುಕೊಂಡು ಬಂದ ಅಳತೆಯಿದು. 1929ರಲ್ಲಿ ಅಮೆರಿಕದ ಯೋಜಕ ಕ್ಲಾರೆನ್ಸ್ ಪೆರಿ ತನ್ನ ಮಾದರಿ ಬಡಾವಣೆಯಲ್ಲಿ ಶಾಲೆಯನ್ನು ನಡುವೆ ಇಟ್ಟು, ಸುತ್ತ ಕಾಲು ಮೈಲಿಯಷ್ಟರಲ್ಲಿ, ಅಂದರೆ ಸುಮಾರು 400 ಮೀಟರ್‌ನಲ್ಲಿ, ಮನೆಗಳನ್ನು ಇಟ್ಟು, ದೊಡ್ಡ ರಸ್ತೆಗಳನ್ನು ಅಂಚಿಗೆ ತಳ್ಳಿದ್ದ.

ತೊಂದರೆ ಏನೆಂದರೆ ನಾವು ಮನೆಗಳ ಮೇಲೆ ಹಾರಿಕೊಂಡು ಹೋಗುವುದಿಲ್ಲ, ರಸ್ತೆ ತಿರುಗಿದ ಕಡೆ ತಿರುಗುತ್ತೇವೆ. ರಸ್ತೆಗಳು ಚೌಕಾಬಾರದ ಮನೆಗಳಂತೆ ಅಚ್ಚುಕಟ್ಟಾಗಿದ್ದರೂ 800 ಮೀಟರ್ ನಡೆದು ತಲುಪಬಹುದಾದ ಪ್ರದೇಶ ನೀವು ಎಳೆದ ವೃತ್ತದ 64% ಮಾತ್ರ. ಮುಂದೆ ದಾರಿಯಿಲ್ಲದ ಗಲ್ಲಿಗಳು, ಕಾಂಪೌಂಡ್ ಗೋಡೆ, ರೈಲು ಹಳಿ ಬಂದರೆ ಇನ್ನೂ ಕಡಿಮೆ. ಆದ್ದರಿಂದ ವೃತ್ತ ಅಳಿಸಿ, ನಕ್ಷೆಯಲ್ಲಿ ‘ನಡಿಗೆ’ಯ ದಾರಿಯನ್ನೇ ಒತ್ತಿ ನೋಡಿ.

ಬಡಾವಣೆಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ತಾಣಗಳೂ ಇವೆ. 2007ರಲ್ಲಿ ಶುರುವಾದ ವಾಕ್ ಸ್ಕೋರ್ ಅವುಗಳಲ್ಲಿ ಹೆಸರಾದದ್ದು. ಅಂಗಡಿ ಎಷ್ಟು ದೂರ ಎಂದು ಅದಕ್ಕೆ ಗೊತ್ತು. ಫುಟ್‌ಪಾತ್ ಮೇಲೆ ಏನು ನಿಂತಿದೆ ಎಂದು ಗೊತ್ತಿಲ್ಲ. ಇನ್ನು ಜಾಹೀರಾತುಗಳಲ್ಲಿ ಬರುವ ‘15 ನಿಮಿಷ’. ದಿನದ ಅಗತ್ಯಗಳೆಲ್ಲ 15 ನಿಮಿಷದಲ್ಲಿ ಸಿಗಬೇಕು ಎಂದು ಪ್ಯಾರಿಸ್‌ನ ಪ್ರಾಧ್ಯಾಪಕ ಕಾರ್ಲೋಸ್ ಮೊರೆನೊ 2016ರಲ್ಲಿ ಮುಂದಿಟ್ಟ 15 ನಿಮಿಷದ ನಗರದ ಕಲ್ಪನೆ ನಡಿಗೆ, ಸೈಕಲ್ಲಿನ ಲೆಕ್ಕದ್ದು. ಕಟ್ಟಡ ಮಾರುವವರು ಹೇಳುವ 15 ನಿಮಿಷ ನಡುರಾತ್ರಿಯ ಖಾಲಿ ರಸ್ತೆಯಲ್ಲಿ ಕಾರು ಓಡಿಸಿದವರದ್ದು.

ಹೆಜ್ಜೆ 4: ಹೊರೆ ಹೊತ್ತು ನಡೆಯಿರಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಮನೆ ತೋರಿಸುವವರು ಕರೆಯುವುದು ರಜಾದಿನದ ಬೆಳಿಗ್ಗೆ ಹತ್ತೂವರೆಗೆ. ರಸ್ತೆ ಖಾಲಿ, ಬಿಸಿಲು ಹಿತ, ನಿಮ್ಮ ಕೈಯೂ ಖಾಲಿ. ಆ ಹೊತ್ತಿನಲ್ಲಿ ಯಾವ ಬೀದಿಯೂ ಚೆಂದವೇ. ಹೋಗಿ ಮನೆ ನೋಡಿ, ಮಾತು ಮಾತ್ರ ಕೊಡಬೇಡಿ. ಆಮೇಲೆ ಮೂರು ಸಲ ಬನ್ನಿ: ಕೆಲಸದ ದಿನ ನೀವು ಹೊರಡುವ ಹೊತ್ತಿಗೆ ಒಮ್ಮೆ, ರಾತ್ರಿ ಒಂಬತ್ತರ ನಂತರ ಒಮ್ಮೆ, ಜೋರು ಮಳೆ ಬಿದ್ದ ಮಾರನೇ ದಿನ ಒಮ್ಮೆ.

ಮೊದಲ ಸಲಕ್ಕೆ ಒಂದು ಲೀಟರಿನ ಎಂಟು ಬಾಟಲಿ ನೀರು ತುಂಬಿ ಎರಡು ಕೈಚೀಲಕ್ಕೆ ಹಾಕಿಕೊಳ್ಳಿ. 8 ಕೆ.ಜಿ. ಆಯಿತು. ಅಂಗಡಿಯ ಬಾಗಿಲಿನಿಂದ ಮನೆಯ ಬಾಗಿಲಿನವರೆಗೆ, ಮೆಟ್ಟಿಲನ್ನೂ ಸೇರಿಸಿ, ಹೊತ್ತು ನಡೆಯಿರಿ. ನಗಬೇಡಿ. 300 ಮೀಟರ್ ಆಗುವಷ್ಟರಲ್ಲಿ ಚೀಲದ ಹಿಡಿ ಬೆರಳುಗಳಿಗೆ ಕಚ್ಚಿ, ಕೈ ಬದಲಾಯಿಸಿದಾಗ ಮಡಿಕೆಯಲ್ಲಿ ಬಿಳಿ ಗೆರೆ ಕಾಣುತ್ತದೆ. ಆಗ ಕಣ್ಣು ತಾನಾಗಿಯೇ ಒಂದು ಕಟ್ಟೆ ಹುಡುಕುತ್ತದೆ. ಚೀಲ ಇಳಿಸಿ ಅರೆಗಳಿಗೆ ಕೂರುವ ಜಾಗ ದಾರಿಯಲ್ಲಿ ಒಂದಾದರೂ ಇದೆಯೇ? ನೆರಳಿದೆಯೇ? ಏರು ಇದ್ದರೆ ಅದು ಹೋಗುವಾಗ ಇರಲಿ, ಹೊರೆ ಹೊತ್ತು ಬರುವಾಗ ಬೇಡ. ಇದನ್ನು ಕಾರಿನ ಕಿಟಕಿಯಿಂದ ಯಾರೂ ಗಮನಿಸಿದ್ದನ್ನು ನಾನು ಕಾಣೆ.

ನಡೆಯುತ್ತ ಫುಟ್‌ಪಾತ್‌ನಿಂದ ಎಷ್ಟು ಸಲ ರಸ್ತೆಗಿಳಿದಿರಿ ಎಂದು ಎಣಿಸಿ. ನಿಂತ ಸ್ಕೂಟರ್, ವಿದ್ಯುತ್ ಪೆಟ್ಟಿಗೆ, ಯಾರದೋ ಮನೆಯ ಮರಳಿನ ರಾಶಿ, ಗೇಟಿಗಾಗಿ ಮಾಡಿಕೊಂಡ ಇಳಿಜಾರು. ಹತ್ತು ನಿಮಿಷದ ನಡಿಗೆಯಲ್ಲಿ ಒಂದು ಕೈಯ ಬೆರಳು ಮುಗಿದರೆ ನಾನು ಆ ಮನೆ ಬಿಟ್ಟುಬಿಡುತ್ತೇನೆ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಲು 1.8 ಮೀಟರ್ ತೆರವು ಬೇಕು. ನಿಮ್ಮ ಮನೆಯಲ್ಲಿ ಗಾಲಿಕುರ್ಚಿ ಇಲ್ಲದಿರಬಹುದು, ಮಗುವಿನ ಕೈ ಹಿಡಿದು ನಡೆಯುವವರಿಗೂ ಹೆಚ್ಚುಕಡಿಮೆ ಅಷ್ಟೇ ಬೇಕು. ಟೇಪು ಬೇಡ, ಎರಡೂ ತೋಳು ಚಾಚಿ ನೋಡಿ, ಅಂದಾಜು ಸಿಗುತ್ತದೆ.

ಸಿಗ್ನಲ್ ಬಂದಾಗ ಫೋನಿನ ಗಡಿಯಾರ ಒತ್ತಿ. ಪಾದಚಾರಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂಬ ಲೆಕ್ಕದಲ್ಲಿ ಸಿಗ್ನಲ್ ಹೊಂದಿಸುವುದು ಬಹಳ ಕಡೆ ರೂಢಿ. ಅಮೆರಿಕದಲ್ಲಿ 2009ರ ನಿಯಮಾವಳಿ ಇದನ್ನು ಸುಮಾರು 1.07 ಮೀಟರ್‌ಗೆ ಇಳಿಸಿತು, ಏಕೆಂದರೆ ವಯಸ್ಸಾದವರು ಅಷ್ಟು ಬೇಗ ನಡೆಯುವುದಿಲ್ಲ. 12 ಮೀಟರ್ ಅಗಲದ ರಸ್ತೆ ನಿಮಗೆ ಹತ್ತು ಸೆಕೆಂಡು; ಸೆಕೆಂಡಿಗೆ 0.8 ಮೀಟರ್ ನಡೆಯುವ ನಿಮ್ಮ ತಾಯಿಗೆ ಹದಿನೈದು. ಆ ಐದು ಸೆಕೆಂಡು ಅವರು ಹಾರ್ನ್‌ಗಳ ಎದುರು ನಿಂತಿರುತ್ತಾರೆ. ಅಂಥ ರಸ್ತೆ ದಾರಿಯಲ್ಲಿ ಎರಡಿದ್ದರೆ ಅಂಗಡಿ ಎಷ್ಟೇ ಹತ್ತಿರವಿದ್ದರೂ ಅವರು ಮನೆಯಲ್ಲೇ ಉಳಿಯುತ್ತಾರೆ. ಗಾಡಿಗಳ ವೇಗವನ್ನೂ ನೋಡಿ. ಗಂಟೆಗೆ 30 ಕಿ.ಮೀ. ವೇಗದ ಕಾರಿಗಿಂತ 50ರಲ್ಲಿ ಬರುವ ಅದೇ ಕಾರು ಡಿಕ್ಕಿಯಲ್ಲಿ ಹೆಚ್ಚೂಕಡಿಮೆ ಮೂರು ಪಟ್ಟು ಶಕ್ತಿ ಹೊತ್ತು ತರುತ್ತದೆ. ಚಾಲಕರು ನಿಧಾನಿಸಲೇಬೇಕಾದ ಕಿರಿದಾದ ರಸ್ತೆ ನಡೆಯುವವರಿಗೆ ವಾಸಿ.

ರಾತ್ರಿಯ ಸಲಕ್ಕೆ, ಮನೆಯಲ್ಲಿ ತಡವಾಗಿ ಒಂಟಿಯಾಗಿ ಬರುವವರು ಯಾರೋ ಅವರೇ ಹೋಗಬೇಕು. ಗಂಡ ಹೋಗಿ ನೋಡಿ ‘ಏನೂ ಭಯವಿಲ್ಲ’ ಎಂದು ಬಂದು ಹೇಳುವುದು ದಂಡ. ದೀಪ ಇದ್ದರೆ ಸಾಲದು, ಮರದ ಕೊಂಬೆ ದೀಪವನ್ನು ಮುಚ್ಚಿದೆಯೇ ನೋಡಬೇಕು. ಬೀದಿಗೆ ತೆರೆದ ಕಿಟಕಿಗಳು, ಇನ್ನೂ ಬಾಗಿಲು ಹಾಕದ ಒಂದೆರಡು ಅಂಗಡಿ ಇದ್ದರೆ ಧೈರ್ಯ. ಉದ್ದಕ್ಕೂ ಎತ್ತರದ ಗೋಡೆ, ಎಳೆದ ಶಟರ್ ಇದ್ದರೆ ಹಗಲಿನ ಐದು ನಿಮಿಷ ರಾತ್ರಿ ಹದಿನೈದಾಗುತ್ತದೆ. ಮಳೆಯ ಮಾರನೇ ದಿನ ಹೆಚ್ಚು ಕೆಲಸವಿಲ್ಲ: ಗೋಡೆಗಳ ಬುಡದಲ್ಲಿ ಕೆಸರಿನ ಗೆರೆ ಎಷ್ಟು ಎತ್ತರಕ್ಕಿದೆ ನೋಡಿಕೊಂಡು ಬನ್ನಿ.

ಕೊನೆಗೆ, ಬೀದಿಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುತ್ತಿರುವವರನ್ನು ಮಾತಾಡಿಸಿ. ‘ಔಷಧಿ ಅಂಗಡಿಗೆ ಯಾವ ಕಡೆಯಿಂದ ಹೋಗ್ತೀರಮ್ಮ?’ ಎಂದು ನಾನೊಮ್ಮೆ ಕೇಳಿದ್ದೆ. ‘ಆ ದೊಡ್ಡ ರಸ್ತೆ ನನ್ನ ಕೈಲಾಗಲ್ಲಪ್ಪ, ಶಾಲೆ ಹಿಂದಿನ ಓಣಿ ಇದೆಯಲ್ಲ, ಅದರಲ್ಲಿ ಹೋಗಿಬಿಡ್ತೀನಿ’ ಎಂದರು. ಆ ಓಣಿ ನನ್ನ ನಕ್ಷೆಯಲ್ಲಿ ಇರಲೇ ಇಲ್ಲ.

ಹೆಜ್ಜೆ 5: ಒಂದು ಬೀದಿ ಹಿಂದೆ ಸರಿಯಿರಿ

ನಡೆದು ಹೋಗುವಷ್ಟು ಹತ್ತಿರ ಎಲ್ಲ ಇದೆ ಎಂದರೆ ಎಲ್ಲದರ ಸದ್ದೂ ಹತ್ತಿರವೇ ಇದೆ. ಅಂಗಡಿ ಬೀದಿಯ ಮೇಲಿನ ಮನೆ ಬೇಡ, ಅದರ ಹಿಂದಿನ ಬೀದಿಯದ್ದು ಹಿಡಿಯಿರಿ. ನಡುವೆ ನಿಂತ ಕಟ್ಟಡಗಳ ಸಾಲೇ ತಡೆಗೋಡೆಯಾಗುತ್ತದೆ, ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ಯುರೋಪಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ ರಾತ್ರಿಯ ಮಿತಿ ಮನೆಯ ಹೊರಗೆ ಸರಾಸರಿ 40 ಡೆಸಿಬೆಲ್. ಅಂಗಡಿ ಬೀದಿಯಲ್ಲಿ ಅದನ್ನು ನಿರೀಕ್ಷಿಸಬೇಡಿ. ಮಲಗುವ ಕೋಣೆಯ ಕಿಟಕಿಯ ಕೆಳಗೆ ಹೋಟೆಲಿನ ಹೊಗೆ ಹೊರಹಾಕುವ ಫ್ಯಾನು, ಬೆಳಗಿನ ಜಾವ ಸರಕು ಇಳಿಸುವ ಲಾರಿ, ಕಸದ ತೊಟ್ಟಿ ಈ ಮೂರರಲ್ಲಿ ಯಾವುದಿದ್ದರೂ ಬೇಡ ಎನ್ನಿ.

‘ಶಬ್ದ ನಿರೋಧಕ ಪರದೆ’ ಹಾಕಿಕೊಂಡರಾಯಿತು ಎನ್ನುವವರಿದ್ದಾರೆ. ದುಡ್ಡು ದಂಡ. ಲಾರಿಯ ಗುಡುಗು ತಡೆಯಲು ತೂಕ ಬೇಕು, ಬಟ್ಟೆಗೆ ಅದಿಲ್ಲ. ಅದೇ ದುಡ್ಡಿನ ಒಂದಂಶದಲ್ಲಿ ಕಿಟಕಿಯ ಸಂದಿಗಳಿಗೆ ರಬ್ಬರ್ ಪಟ್ಟಿ ಅಂಟಿಸಿದರೆ ಅದಕ್ಕಿಂತ ಹೆಚ್ಚು ಉಪಯೋಗ.

ಹೆಜ್ಜೆ 6: ಬಾಡಿಗೆ ಇಳಿಸುವುದು

ನಡೆಯಲು ಚೆನ್ನಾಗಿರುವ ಬೀದಿ ಎಲ್ಲರಿಗೂ ಬೇಕು, ಹಾಗಾಗಿ ಬೆಲೆ ಇದ್ದೇ ಇರುತ್ತದೆ. ಏನನ್ನಾದರೂ ಬಿಟ್ಟುಕೊಡಬೇಕು. ನಾನಾದರೆ ಬಿಟ್ಟುಕೊಡುವುದು ಚದರಡಿಯನ್ನು. ಹೊರಗೆ ಉದ್ಯಾನ, ಗ್ರಂಥಾಲಯ, ಕೂರುವ ಕಟ್ಟೆ ಇದ್ದರೆ ಒಳಗೆ ಇನ್ನೊಂದು ಹಾಲ್ ಏಕೆ? ಆಮೇಲೆ ಲಿಫ್ಟನ್ನು; ಮಂಡಿ ಗಟ್ಟಿಯಿದ್ದವರು ಮೂರನೇ ಮಹಡಿಯ ಹಳೆಯ ಕಟ್ಟಡ ನೋಡಿ. ‘ಗಾಡಿ ನಿಲ್ಲಿಸುವ ಜಾಗ ನನಗೆ ಬೇಡ, ಬೇರೆಯವರಿಗೆ ಕೊಟ್ಟುಕೊಳ್ಳಿ, ಬಾಡಿಗೆಯಲ್ಲಿ ಇಷ್ಟು ಇಳಿಸಿ’ ಎಂದು ಮಾಲೀಕರನ್ನು ಕೇಳಿ. ಬಹಳ ಜನ ಕೇಳುವುದೇ ಇಲ್ಲ. ಇಂಥ ಮನೆಗಳು ಎಷ್ಟೋ ಸಲ ಆ್ಯಪ್‌ಗಳಿಗೆ ಬರುವ ಮೊದಲೇ ಗೇಟಿನ ಬೋರ್ಡಿನಲ್ಲಿ, ಇಸ್ತ್ರಿ ಅಂಗಡಿಯವನ ಬಾಯಲ್ಲಿ ಖಾಲಿಯಾಗುತ್ತವೆ. ಹೇಗೂ ಮೂರು ಸಲ ನಡೆಯುತ್ತೀರಲ್ಲ, ವಿಚಾರಿಸುತ್ತ ನಡೆಯಿರಿ.

ಕರಾರಿನಲ್ಲಿ ಬರಹದಲ್ಲೇ ಇರಬೇಕಾದವು: ವರ್ಷಕ್ಕೆ ಏರಿಕೆ ಎಷ್ಟು, ರಿಪೇರಿ ಯಾರದು, ಬಿಡಲು ಎಷ್ಟು ದಿನದ ಮುನ್ಸೂಚನೆ, ಠೇವಣಿ ಎಷ್ಟು ದಿನದಲ್ಲಿ ವಾಪಸು. ಕೀಲಿ ತೆಗೆದುಕೊಳ್ಳುವ ದಿನ ಖಾಲಿ ಮನೆಯ ವಿಡಿಯೊ ತೆಗೆದು, ಮೀಟರಿನ ಅಂಕಿಯ ಫೋಟೊ ಸೇರಿಸಿ, ಅಂದೇ ಮಾಲೀಕರಿಗೆ ಕಳಿಸಿ. ಒಮ್ಮೆ ನಾನು ಕಳಿಸಲಿಲ್ಲ. ನಾನು ಹೋಗುವ ಮೊದಲೇ ಬಿರುಕು ಬಿಟ್ಟಿದ್ದ ವಾಶ್‌ಬೇಸಿನ್ನಿನ ದುಡ್ಡು ನನ್ನ ಠೇವಣಿಯಲ್ಲಿ ಹೋಯಿತು.

ಹೆಜ್ಜೆ 7: ಸಾಮಾನು ಸಾಗಿಸಿ

ಅಳೆದು ಸಾಗಿಸಿ, ಹಳೆಯ ಕಟ್ಟಡಗಳ ಮೆಟ್ಟಿಲ ತಿರುವಿನಲ್ಲಿ ದೊಡ್ಡ ಸೋಫಾ ತಿರುಗುವುದಿಲ್ಲ.

ಹೆಜ್ಜೆ 8: ಕೊಳ್ಳುವ ಅಭ್ಯಾಸ ಬದಲಾಯಿಸಿ

ತಿಂಗಳಿಗೊಮ್ಮೆ ಡಿಕ್ಕಿ ತುಂಬ ತರುವುದು ಕಾರಿನವರ ಪದ್ಧತಿ. ನಡೆಯುವವರು ಎರಡು ದಿನಕ್ಕೊಮ್ಮೆ, ಕೆಲಸದಿಂದ ಬರುವ ದಾರಿಯಲ್ಲೇ ಸ್ವಲ್ಪ ಸ್ವಲ್ಪ ತರಬೇಕು. ಹೆಗಲಿಗೆ ಹಾಕುವ ಚೀಲವನ್ನೇ ಕೊಳ್ಳಿ, ಕೈಚೀಲದ ಕಥೆ ಮೇಲೆ ಹೇಳಿದ್ದೇನೆ. ಗಾಲಿ ಇರುವ ತಳ್ಳುಚೀಲ ಬೇಕಾದರೆ ಗಾಲಿಯ ವ್ಯಾಸ ಕನಿಷ್ಠ ಒಂದು ಗೇಣು ಇರಲಿ. ಅಂಗೈಯಲ್ಲಿ ಮುಚ್ಚುವಷ್ಟು ಚಿಕ್ಕ ಪ್ಲಾಸ್ಟಿಕ್ ಗಾಲಿಯವು ಮೊದಲ ಗುಂಡಿಯಲ್ಲೇ ಸಿಕ್ಕಿಕೊಳ್ಳುತ್ತವೆ. ನನ್ನದು ಎರಡನೇ ವಾರಕ್ಕೆ ಒಂದು ಗಾಲಿ ಕಳಚಿ ಕುಂಟತೊಡಗಿತು.

ಗಾಡಿಯನ್ನು ಮೊದಲ ದಿನವೇ ಮಾರಬೇಡಿ. ಮೂರು ತಿಂಗಳು ಇಟ್ಟುಕೊಂಡು, ಹೊರತೆಗೆದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎಷ್ಟೋ ದಿನದ ಮೇಲೆ ಕೀಲಿ ತಿರುಗಿಸಿದಾಗ ಬ್ಯಾಟರಿ ಕೂತಿದ್ದರೆ, ಮೆಕ್ಯಾನಿಕ್‌ಗೆ ಫೋನ್ ಮಾಡುವಾಗಲೇ ಕೊಳ್ಳುವವರು ಯಾರಾದರೂ ಇದ್ದಾರಾ ಎಂದು ಕೇಳಿಬಿಡಿ.